ಪವಾಡಕ್ಕೆ ಪ್ರಮಾಣ ಯಾವುದು?

"ಬೋಸ್ನಿಯಾದ ಮೆಡ್ಜುಗೋರಿಯೆಗೆ ಯಾತ್ರೆ ಹೋಗಬಹುದೇ? ಅಲ್ಲಿ ಮಾತೆ ಮರಿಯಮ್ಮನವರು ದರ್ಶನವೀಯುವುದು ನಿಜವೇ?" ಭಕ್ತರು ಈ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುವುದುಂಟು. 2024ರ ಸೆಪ್ಟೆಂಬರ್ 19ರಂದು ವ್ಯಾಟಿಕನ್ ಮೊದಲನೆಯದಕ್ಕೆ ಅಡ್ಡಿಯಿಲ್ಲವೆಂದಿತು. ಎರಡನೆಯದಕ್ಕೆ ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. 1981ರ ಜೂನ್ ತಿಂಗಳಲ್ಲಿ ಆರು ಮಂದಿ ಎಳೆಯರು ತಮಗೆ ದರ್ಶನವಾಯಿತೆಂದು ಹೇಳಿದ ದಿನದಿಂದ ಕಾದಿದ್ದವರಿಗೆ ಇದು ನುಣುಚಿಕೊಳ್ಳುವ ಮಾತಾಗಿ ಕಂಡರೆ ಆಶ್ಚರ್ಯವಿಲ್ಲ.

ಈ ಉತ್ತರದ ಹಿಂದೆ ಇರುವುದು ಅದೇ ವರ್ಷದ ಮೇ 17ರಂದು ಪ್ರಕಟವಾದ ಹೊಸ ನಿಯಮಾವಳಿ. ಅದರಂತೆ ಧರ್ಮಾಧ್ಯಕ್ಷರು ಇಂತಹ ಘಟನೆಯನ್ನು ವಿಚಾರಿಸಿ, ವ್ಯಾಟಿಕನ್ನಿನ ಸಮ್ಮತಿ ಪಡೆದು, ಆರು ಬಗೆಯ ತೀರ್ಮಾನಗಳಲ್ಲೊಂದನ್ನು ಪ್ರಕಟಿಸಬೇಕು. 'ಇದು ದೈವಿಕವೇ ಹೌದು' ಎಂಬ ಘೋಷಣೆ ಆ ಆರರಲ್ಲಿ ಇಲ್ಲ. ವಿಶೇಷ ಸಂದರ್ಭದಲ್ಲಿ ಪೋಪ್ ಜಗದ್ಗುರುಗಳು ಮಾತ್ರ ಅದಕ್ಕೆ ಅಪ್ಪಣೆ ಕೊಡಬಲ್ಲರು. ಇಷ್ಟು ಬಿಗಿಗೆ ಕಾರಣವುಂಟು. ಆಮ್‌ಸ್ಟರ್‌ಡ್ಯಾಮಿನ ದರ್ಶನಗಳನ್ನು 2002ರಲ್ಲಿ ಅಲ್ಲಿನ ಧರ್ಮಾಧ್ಯಕ್ಷರು ದೈವಿಕವೆಂದು ಸಾರಿದರು. 2020ರಲ್ಲಿ ವ್ಯಾಟಿಕನ್ ಅದನ್ನು ಒಪ್ಪಲಿಲ್ಲ. ನಂಬಿ ಜಪಸರ ಹಿಡಿದವರು ಯಾರ ಮಾತು ಕೇಳಬೇಕು?

ತರ್ಕ ಬಲ್ಲವರು ಇಲ್ಲಿ ಒಂದು ಆಕ್ಷೇಪವೆತ್ತುವರು. ಗುರುಮಠದಲ್ಲಿ ನಾವೂ ಎತ್ತಿದ್ದೆವು. ಪವಾಡಗಳು ದೈವೀ ಪ್ರಕಟಣೆಯ ನಿಶ್ಚಿತ ಕುರುಹುಗಳೆಂದು 1870ರಲ್ಲಿ ಮೊದಲನೆಯ ವ್ಯಾಟಿಕನ್ ಮಹಾಸಭೆ ಸಾರಿತು. ಪವಾಡದಿಂದ ಪ್ರಮಾಣ ಪಡೆದ ಬೋಧನೆಯೇ ಈಗ ಪವಾಡಕ್ಕೆ ನ್ಯಾಯಾಧೀಶನಾದರೆ ಅದು ಅನ್ಯೋನ್ಯಾಶ್ರಯ ದೋಷವಲ್ಲವೇ? ಯಾವ ಪವಾಡವಾದರೂ ಯಾವ ಬೋಧನೆಗೂ ಸಾಕ್ಷಿಯಾಗುವುದಾದರೆ ದೋಷವೇ ಸರಿ. ಆದರೆ ಧರ್ಮೋಪದೇಶಕಾಂಡದ 13ನೆಯ ಅಧ್ಯಾಯವನ್ನು ನೋಡಿರಿ. ಪ್ರವಾದಿಯೊಬ್ಬನು ಹೇಳಿದ ಸೂಚಕಕಾರ್ಯ ನಡೆದೇ ಹೋದರೂ, ಅವನು ಅನ್ಯದೇವತೆಗಳ ಕಡೆಗೆ ಕರೆದರೆ ಅವನಿಗೆ ಕಿವಿಗೊಡಬಾರದು. ಅದ್ಭುತ ಸುಳ್ಳೆಂದು ಅಲ್ಲಿ ಹೇಳಿಲ್ಲ. ಅದ್ಭುತವೊಂದೇ ಸಾಲದೆಂದು ಹೇಳಿದೆ. ನಮ್ಮ ವಿಶ್ವಾಸ ನಿಂತಿರುವುದು ಕ್ರಿಸ್ತರ ಪುನರುತ್ಥಾನದ ಮೇಲೆ, ಅದನ್ನು ಕಂಡ ಪ್ರೇಷಿತರ ಸಾಕ್ಷ್ಯದ ಮೇಲೆ. ಅನಂತರದ ಯಾವ ದರ್ಶನವೂ ಅದಕ್ಕೆ ಹೊಸತೊಂದನ್ನು ಕೂಡಿಸಲಾರದು. ಲೂರ್ದಿನ ದರ್ಶನವನ್ನು ನಂಬಲೇಬೇಕೆಂಬ ಕಟ್ಟಳೆಯೂ ಯಾವ ಕಥೋಲಿಕನ ಮೇಲೂ ಇಲ್ಲ.

ಆ ಲೂರ್ದಿನಲ್ಲಿಯೇ ಸಾವಿರಾರು ಮಂದಿ ಗುಣ ಹೊಂದಿದೆವೆಂದು ವರದಿ ಮಾಡಿದ್ದಾರೆ. ಪವಾಡವೆಂದು ಮನ್ನಣೆ ಪಡೆದವು ಎಪ್ಪತ್ತರ ಆಸುಪಾಸು. ವೈದ್ಯರು 'ನಮ್ಮ ಶಾಸ್ತ್ರಕ್ಕೆ ನಿಲುಕದು' ಎಂಬಲ್ಲಿಗೆ ನಿಲ್ಲುತ್ತಾರೆ. 'ಪವಾಡ' ಎಂಬ ಮಾತು ಧರ್ಮಾಧ್ಯಕ್ಷರದು. ಹೊಸ ಪವಾಡಗಳನ್ನು ಧರ್ಮಾಧ್ಯಕ್ಷರ ಒಪ್ಪಿಗೆಯಿಲ್ಲದೆ ಅಂಗೀಕರಿಸಬಾರದೆಂದು ತ್ರೆಂತ್ ಮಹಾಸಭೆ 1563ರಲ್ಲಿಯೇ ವಿಧಿಸಿದೆ. ಹಾಗಿದ್ದೂ ಯಾರೂ ವಿಚಾರಿಸದ ಗುಣಪ್ರಾಪ್ತಿಗಳನ್ನು ಹಬ್ಬದ ಕರಪತ್ರದಲ್ಲಿ ಪವಾಡವೆಂದೇ ಅಚ್ಚು ಹಾಕಿಸುವವರಲ್ಲಿ ನಾವು ಗುರುಗಳೂ ಇದ್ದೇವೆ. ಭಕ್ತರನ್ನು ಮಾತ್ರ ದೂರುವುದು ನ್ಯಾಯವಲ್ಲ.

ಮೆಡ್ಜುಗೋರಿಯೆಗೆ ಹೋಗಬೇಕೆನ್ನುವವರು ಹೋಗಿಬರಲಿ. ಪಾಪನಿವೇದನೆ ಮಾಡಲಿ, ಬಲಿಪೂಜೆಯಲ್ಲಿ ಪಾಲ್ಗೊಳ್ಳಲಿ. ದರ್ಶನ ಕಂಡೆವೆನ್ನುವವರನ್ನು ಭೇಟಿಯಾಗುವುದಕ್ಕೆಂದು ಅಲ್ಲಿಗೆ ಹೋಗಬೇಡಿರೆಂದು ವ್ಯಾಟಿಕನ್ನಿನ ಅದೇ ಪತ್ರದಲ್ಲಿ ಹೇಳಿದೆ. ಟಿಕೆಟ್ಟು ಕೊಳ್ಳುವ ಮುನ್ನ ಆ ಸಾಲನ್ನೂ ಓದಿಕೊಳ್ಳಲಿ.