ರಕ್ತದ ರಿಪೋರ್ಟ್ ಪೂರ್ತಿ ಓದಿ



1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದ ಮೇಲೆ ನಮ್ಮ ಸೀಮೆಗೆ ಜ್ವರದ ರಕ್ತಪರೀಕ್ಷೆ ಹೊಸದಲ್ಲ. ರಿಪೋರ್ಟ್ ಬಂದರೆ ಎಲ್ಲರ ಕಣ್ಣು ಪ್ಲೇಟ್‌ಲೆಟ್ ಮೇಲೆ. ಅದೇ ಹಾಳೆಯಲ್ಲಿ ಹಿಮೋಗ್ಲೋಬಿನ್ 9 ಇದ್ದರೂ ‘ಸ್ವಲ್ಪ ರಕ್ತ ಕಡಿಮೆ’ ಎಂದು ಟಾನಿಕ್ ಬಾಟಲಿ ತಂದು ಸುಮ್ಮನಾಗುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಗಂಡಸರಲ್ಲಿ 13, ಗರ್ಭಿಣಿಯಲ್ಲದ ಹೆಂಗಸರಲ್ಲಿ 12 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಇದಿದೆ.

ಕಾರಣದ ಸುಳಿವು ಅದೇ ರಿಪೋರ್ಟಿನ ಎಂಸಿವಿ ಸಾಲಿನಲ್ಲಿರುತ್ತದೆ. ಅದು ಕೆಂಪು ಕಣದ ಗಾತ್ರ. 80ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಕಬ್ಬಿಣದ ಕೊರತೆ. ಕೆಂಪು ಕಣಗಳ ಸಂಖ್ಯೆ ಮಾತ್ರ ಹೆಚ್ಚಿದ್ದರೆ ಥಲಸ್ಸೀಮಿಯಾ ವಾಹಕರೂ ಆಗಿರಬಹುದು. 100 ದಾಟಿದರೆ ಬಿ12 ಅಥವಾ ಫೋಲಿಕ್ ಆಮ್ಲದ ಕೊರತೆಯ ಅನುಮಾನ. ಆಗ ಕಬ್ಬಿಣದ ಮಾತ್ರೆಯೊಂದರಿಂದಲೇ ಗುಣವಾಗದು. ಎರಡೂ ಕೊರತೆ ಕೂಡಿದರೆ ಎಂಸಿವಿ ಸರಿಯಾಗಿಯೇ ಕಂಡು ಮೋಸ ಮಾಡುವುದೂ ಉಂಟು.

ನನ್ನ ಹೆಚ್ಚಿನ ಆತಂಕ ಗಂಡಸರದ್ದು, ಮುಟ್ಟು ನಿಂತ ಹೆಂಗಸರದ್ದು. ಇವರಲ್ಲಿ ಕಬ್ಬಿಣ ಕಡಿಮೆಯಾದರೆ ರಕ್ತ ಎಲ್ಲೋ ಸೋರುತ್ತಿರಬಹುದು: ಮೂಲವ್ಯಾಧಿ, ಮೈಕೈ ನೋವಿನ ಮಾತ್ರೆ ನುಂಗಿ ನುಂಗಿ ಆದ ಹೊಟ್ಟೆಹುಣ್ಣು, ಕೆಲವೊಮ್ಮೆ ಕರುಳಿನ ಕ್ಯಾನ್ಸರ್. ಬರಿಗಾಲಲ್ಲಿ ಗದ್ದೆ, ತೋಟಕ್ಕಿಳಿಯುವವರಿಗೆ ಕೊಕ್ಕೆಹುಳುವಿನ ಕಾಟ ಬೇರೆ.

ಶಿಕಾರಿಪುರ, ಸೊರಬದ ಆರೋಗ್ಯ ಶಿಬಿರಗಳಲ್ಲಿ ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡಿ ಮಾತ್ರೆ ಕೊಟ್ಟು ಕಳಿಸಿದರೆ ಸಾಲದು. ಕಡಿಮೆ ಬಂದವರಿಗೆ ಪೂರ್ಣ ರಕ್ತಕಣ ಎಣಿಕೆ ಮಾಡಿಸಿ, ತಿಂಗಳ ನಂತರ ಮತ್ತೆ ಕರೆಸಿ ನೋಡುವ ಏರ್ಪಾಟನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳು ಮಾಡಬೇಕು.

– ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ಶಿರಾಳಕೊಪ್ಪ