ಎದುರು ಮೇಳವಿಲ್ಲದ ಹಾಡಿಕೆ

ವರ್ಷಾನುಗಟ್ಟಲೆ ಒಂದೇ ಜಾತ್ರೆಯ ಕಟ್ಟೆಯ ಮೇಲೆ ಎದುರುಬದುರಾಗಿ ನಿಂತು, ಇರುಳೆಲ್ಲ ಒಬ್ಬರ ಮಾತನ್ನು ಇನ್ನೊಬ್ಬರು ಖಂಡಿಸುತ್ತ, ಬೆಳಗಾಗುತ್ತಲೇ ಒಂದೇ ಟೆಂಪೋದಲ್ಲಿ ಕುಳಿತು ಮುಂದಿನ ಊರಿಗೆ ಹೋಗುತ್ತಿದ್ದ ಹಾಡಿಕೆಯ ಜೋಡಿಯೊಂದು ಅಗಲಿತೆಂಬ ಸುದ್ದಿ ಬಂದಾಗ, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಜನ ಮೊದಲು ಕೇಳುವ ಪ್ರಶ್ನೆ ಒಂದೇ: "ಯಾರದರಿ ತಪ್ಪು?" ಇಬ್ಬರಲ್ಲಿ ಒಬ್ಬರು ದ್ರೋಹ ಬಗೆದಿರಲೇಬೇಕು, ನಡುವೆ ಹಣವೋ ಹೆಣ್ಣೋ ಹೆಸರಿನ ಹಂಬಲವೋ ಬಂದಿರಲೇಬೇಕು ಎಂಬುದು ನಮ್ಮ ಪೂರ್ವನಿಶ್ಚಿತ ಸಿದ್ಧಾಂತ. ಇದಕ್ಕೆ ಬೈಲಹೊಂಗಲವೇ ಒದಗಿಸಿದ ಒಂದು ಪ್ರಬಲ ನಿದರ್ಶನವಿದೆಯಷ್ಟೆ. ಸಂಗ್ಯಾ ಮತ್ತು ಬಾಳ್ಯಾ ಎಂಬ ಗೆಳೆಯರ ಕಥೆ ಈ ನೆಲದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿ, ಮೊದಲು ಲಾವಣಿಯಾಗಿ, ಆಮೇಲೆ ಪತ್ತಾರ ಮಾಸ್ತರರ ಸಣ್ಣಾಟವಾಗಿ, ನಮ್ಮ ಕಾಲಕ್ಕೆ ಚಂದ್ರಶೇಖರ ಕಂಬಾರರ ನಾಟಕವಾಗಿ ಊರೂರು ಸುತ್ತಿರುವುದರಿಂದ, ಜೋಡಿ ಮುರಿಯುವುದೆಂದರೆ ಬಾಳ್ಯಾ ಸಂಗ್ಯಾನನ್ನು ಒಪ್ಪಿಸಿದಂತೆ ಗೆಳೆಯನು ಗೆಳೆಯನನ್ನು ಕೊಲೆಗಡುಕರ ಕೈಗೆ ಒಪ್ಪಿಸುವುದೆಂದೇ ನಮ್ಮ ಮನಸ್ಸು ಭಾವಿಸಿಬಿಡುತ್ತದೆ. ಹಾಡಿಕೆಯ ಜೋಡಿಗಳ ವಿಷಯದಲ್ಲಿ ಈ ಭಾವನೆ ಬಹುಮಟ್ಟಿಗೆ ತಪ್ಪೆಂದು ನಮಗೆ ತೋರುತ್ತದೆ. ಆ ಜೋಡಿಯನ್ನು ಮುರಿಯುವವನು ಪ್ರಾಯಶಃ ಕಟ್ಟೆಯ ಮೇಲೆ ಇರುವುದೇ ಇಲ್ಲ.

ಹರದೇಶಿ-ನಾಗೇಶಿ ಎಂದು ನಮ್ಮಲ್ಲಿ ಕರೆಯುವ ಈ ಹಾಡಿಕೆಯ ಕಟ್ಟು ಸರಳವಾದದ್ದು. ಮುಂದೆ ನಿಂತವನ ಕೈಯಲ್ಲಿ ದಪ್ಪು. ಹಿಂದೆ ಇಬ್ಬರು, ಒಬ್ಬನ ಕೈಯಲ್ಲಿ ತುಂತುಣಿ, ಮತ್ತೊಬ್ಬನ ಕೈಯಲ್ಲಿ ತಾಳ. ನುಡಿಯೊಂದು ಮುಗಿಯುವಲ್ಲಿ ಹಿಮ್ಮೇಳದವರು ಗೀಯ ಗೀಯ ಎಂದು ಸೊಲ್ಲನ್ನು ಎತ್ತಿಕೊಂಡು ಎಳೆದರೆ, ಅಷ್ಟರಲ್ಲಿ ಮುಮ್ಮೇಳದವನು ಮುಂದಿನ ನುಡಿಯನ್ನು ಮನಸ್ಸಿನಲ್ಲಿ ಹೊಂದಿಸಿಕೊಳ್ಳಬೇಕು. ಇಂಥವು ಎರಡು ಮೇಳ. ಹರದೇಶಿಯದು ಗಂಡಿನ ಪಕ್ಷ, ಶಿವನ ಪಕ್ಷ, ತುರಾಯಿಯ ಪಕ್ಷ. ನಾಗೇಶಿಯದು ಹೆಣ್ಣಿನ ಪಕ್ಷ, ಶಕ್ತಿಯ ಪಕ್ಷ, ಕಲ್ಗಿಯ ಪಕ್ಷ. ತುಕನಗೀರನೆಂಬ ಗೋಸಾವಿಯೂ ಶಾಹ ಅಲಿಯೆಂಬ ಫಕೀರನೂ ಅಧ್ಯಾತ್ಮದ ವಾದದಲ್ಲಿ ತೊಡಗಿದಾಗ, ಕೇಳಿ ಮೆಚ್ಚಿದ ಅರಸನು ತನ್ನ ಮುಂಡಾಸಿನಲ್ಲಿದ್ದ ತುರಾಯಿಯನ್ನು ಒಬ್ಬನಿಗೂ ಕಲ್ಗಿಯನ್ನು ಇನ್ನೊಬ್ಬನಿಗೂ ಕೊಟ್ಟನೆಂಬುದು ಪರಂಪರೆ ಹೇಳುವ ಕಥೆ. ಇತಿಹಾಸವಾಗಿ ಅದು ಎಷ್ಟು ನಿಲ್ಲುವುದೋ ಪಂಡಿತರು ಹೇಳಲಿ. ಅರಸನು ಗೆದ್ದವನೊಬ್ಬನಿಗೆ ಬಿರುದು ಕೊಟ್ಟು ಸೋತವನನ್ನು ಬರಿಗೈಯಲ್ಲಿ ಕಳಿಸಲಿಲ್ಲ, ಒಂದೇ ಮುಂಡಾಸಿನ ಎರಡು ಆಭರಣಗಳನ್ನು ಇಬ್ಬರಿಗೂ ಹಂಚಿದನೆಂಬ ಅಂಶವನ್ನು ಮಾತ್ರ ನಾವು ಮರೆಯಬಾರದು.

ಇಲ್ಲಿ ಪಕ್ಷವೆಂಬುದು ಅಭಿಪ್ರಾಯವಲ್ಲ. ಗುರುವಿನಿಂದ ಬಂದ ಹೊಣೆ. ಹರದೇಶಿ ಹಾಡುವವನು ಮನೆಯಲ್ಲಿ ಹೆಂಡತಿಯ ಮಾತನ್ನು ಮೀರದವನಾಗಿರಬಹುದು, ಯಲ್ಲಮ್ಮನ ಒಕ್ಕಲಾಗಿರಬಹುದು. ಕಟ್ಟೆ ಏರಿದ ಮೇಲೆ ಅವನು ಗಂಡಿನ ವಕೀಲ. ತನ್ನ ಪಕ್ಷದ ಪದಗಳಷ್ಟೇ ಗೊತ್ತಿದ್ದರೆ ಅವನ ಆಟ ನಡೆಯದು. ಎದುರಿನವರ ಬತ್ತಳಿಕೆಯಲ್ಲಿ ಏನೇನಿದೆ, ಯಾವ ಪುರಾಣದ ಯಾವ ಸಂದಿಯಿಂದ ಸವಾಲು ಬಂದೀತು ಎಂಬುದನ್ನು ಬಲ್ಲವನೇ ಹಾಡಿಕೆಯವನು. ಸವಾಲಿಗೆ ಜವಾಬು ಕೊಡದೆ ತನ್ನ ಹೊಸ ಪದವನ್ನು ಎತ್ತಿದರೆ ಕೂತ ಜನವೇ "ಮದಲ ಅವರ ಮಾತಿಗಿ ಜವಾಬ ಕೊಡೊ ತಮ್ಮಾ" ಎಂದು ಕೂಗಿ ನಿಲ್ಲಿಸುತ್ತದೆ. ಈ ಒಂದು ನಿಯಮದಲ್ಲಿ, ನಮ್ಮ ಅಭಿಮತದಂತೆ, ಈ ಕಲೆಯ ಸಾರವೆಲ್ಲ ಅಡಗಿದೆ.

ಸವದತ್ತಿಯ ಸೀಮೆಯಲ್ಲಿ ಈ ವಾದ ಹೇಗೆ ಸಾಗುತ್ತದೆಂಬುದನ್ನು ತುಸು ಹತ್ತಿರದಿಂದ ನೋಡಬಹುದು. ಹರದೇಶಿಯವನು ಜಮದಗ್ನಿಯ ಕಥೆಯನ್ನು ಎತ್ತುತ್ತಾನೆ: ತಂದೆಯ ಅಪ್ಪಣೆಯಾಗಲು ಮಗ ಪರಶುರಾಮನು ತಾಯಿಯ ಶಿರವನ್ನೇ ಇಳಿಸಿದನು, ಹಾಗಾದರೆ ಅಪ್ಪ ಹೆಚ್ಚೋ ಅವ್ವ ಹೆಚ್ಚೋ? ಕೂತವರಲ್ಲಿ ಗಂಡಸರು ಪಟಕಾ ಸರಿಪಡಿಸಿಕೊಳ್ಳುತ್ತಾರೆ. ಶಾಸ್ತ್ರದ ಮಾತಿಗೆ ಶಾಸ್ತ್ರದಿಂದಲೇ ಜವಾಬು ಹುಡುಕಲು ಹೋದರೆ ನಾಗೇಶಿಯವಳು ಸಿಕ್ಕಿಬೀಳುವಳು. ಅವಳು ಆ ತಾಯಿ ಯಲ್ಲಮ್ಮನಾಗಿ ನೆಲೆಸಿದ ಗುಡ್ಡವನ್ನೇ ತೋರಿಸುತ್ತಾಳೆ. ಜಮದಗ್ನಿಯ ಗುಡಿ ಅಲ್ಲಿಯೇ ಇದೆ, ಪರಶುರಾಮನ ಗುಡಿಯೂ ಇದೆ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಬಂಡಿ ಕಟ್ಟಿಕೊಂಡು ಬರುವ ಲಕ್ಷೋಪಲಕ್ಷ ಜನ ಉಧೋ ಉಧೋ ಎಂದು ಕರೆಯುವುದು ಕಡಿದವನನ್ನೋ, ಕಡಿಯೆಂದವನನ್ನೋ, ಕಡಿಸಿಕೊಂಡವಳನ್ನೋ? ಕಿತ್ತೂರಿನ ಕಡೆ ಹೋದರೆ ಪುರಾಣವೂ ಬೇಕಾಗುವುದಿಲ್ಲ. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಮಡಿದ ಯುದ್ಧದ ರಾಣಿ ಚೆನ್ನಮ್ಮನನ್ನು ನಾಗೇಶಿ ತನ್ನ ಪಕ್ಷಕ್ಕೆ ಸೇರಿಸಿಕೊಂಡ ಕೂಡಲೇ, ಕೋಟೆ ಬಿದ್ದ ಮೇಲೂ ಕಾಡಿಗಿಳಿದು ಕಾದಾಡಿ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನನ್ನು ಹರದೇಶಿ ಮುಂದೆ ತರುತ್ತಾನೆ. ಆ ರಾಯಣ್ಣ ಯಾರ ಹೆಸರಿನಲ್ಲಿ ಕಾದಿದ ಎಂಬ ಮರುಪ್ರಶ್ನೆ ಆಗಲೇ ತುಂತುಣಿಯ ಮೇಲೆ ಸಿದ್ಧವಾಗಿರುತ್ತದೆ. ಬೆಳಗಿನ ಜಾವಕ್ಕೆ ಎರಡೂ ಮೇಳಗಳು ಹೆಣ್ಣು-ಗಂಡು ಸರಿಸಮವೆಂದು ಹಾಡಿ ಮಂಗಳಕ್ಕೆ ಬರುವುದು ರೂಢಿ. ಆ ಒಪ್ಪಂದವನ್ನು ಯಾರೂ ತೀರ್ಪೆಂದು ತಿಳಿಯುವುದಿಲ್ಲ, ಏಕೆಂದರೆ ಮರುದಿನದ ಊರಿನಲ್ಲಿ ಜಗಳ ಮೊದಲಿನಿಂದ ಆರಂಭವಾಗಬೇಕು.

ರಾಜಕಾರಣದ ಚರ್ಚೆಗೂ ಈ ಕಟ್ಟೆಗೂ ಸಂಬಂಧವೇನೆಂದು ಕೇಳುವವರು ಜಾನ್ ಫೇತ್‌ಫುಲ್ ಫ್ಲೀಟನ ಸಂಗ್ರಹವನ್ನು ನೋಡಬೇಕು. ಶಾಸನಶಾಸ್ತ್ರಜ್ಞನೆಂದು ಕನ್ನಡಿಗರು ಗೌರವಿಸುವ ಈ ಮುಂಬಯಿ ಸರಕಾರದ ಅಧಿಕಾರಿ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚು ಮಾಡಿಸಿದ ಕೆಲವು ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನದೂ ಹಲಗಲಿಯ ಬೇಡರದೂ ಬೈಲಹೊಂಗಲದ ಸಂಗ್ಯಾನದೂ ಇರುವಂತೆ, ಆದಾಯ ತೆರಿಗೆಯನ್ನು ಹೇರಿದ ಪ್ರಸಂಗದ ಮೇಲೆ ಕಟ್ಟಿದ ಒಂದು ಲಾವಣಿಯೂ ಇದೆ. 1857ರ ದಂಗೆಯ ಖರ್ಚನ್ನು ತುಂಬಿಕೊಳ್ಳಲು 1860ರಲ್ಲಿ ಈ ದೇಶಕ್ಕೆ ಬಂದ ಆ ತೆರಿಗೆಯ ವಿಷಯದಲ್ಲಿ ನಮ್ಮ ಹಳ್ಳಿಗರಿಗೆ ವೃತ್ತಪತ್ರಿಕೆಯಿರಲಿಲ್ಲ, ಶಾಸನಸಭೆಯಿರಲಿಲ್ಲ, ದಪ್ಪು ಇತ್ತು. ವಸೂಲಿಯ ಸರಕಾರದ ನೌಕರನೇ ಆ ಹಾಡನ್ನು ಬರೆದುಕೊಂಡು ಭಾಷಾಂತರಿಸಿದನೆಂಬುದು ಸ್ವಾರಸ್ಯದ ಸಂಗತಿ.

ಆದರೆ ಇದೇ ಸ್ಥಳದಲ್ಲಿ ನಮ್ಮ ವಾದಕ್ಕೆ ಒಂದು ತೊಡಕು ಎದುರಾಗುತ್ತದೆ. ರಾಮದುರ್ಗ ತಾಲೂಕಿನ ಹುಲಕುಂದದ ಭೀಮಕವಿ ಸ್ವಾತಂತ್ರ್ಯ ಚಳುವಳಿಯ ಕಾಲಕ್ಕೆ ಗೀಗೀ ಪದವನ್ನು ರಾಷ್ಟ್ರೀಯ ಪ್ರಚಾರಕ್ಕೆ ಹೂಡಿದಾಗ, ಮುರಗೋಡದಲ್ಲಿ ಹುಟ್ಟಿದ ಹುಕ್ಕೇರಿ ಬಾಳಪ್ಪನವರ ಕಂಠ ಚಳುವಳಿಯ ಸಭೆಗಳಲ್ಲಿ ಮೊಳಗಿದಾಗ, ಎದುರು ಮೇಳವೆಲ್ಲಿತ್ತು? ಚರಕವೇ ಹೆಚ್ಚೆಂದು ಹಾಡುವ ಕಟ್ಟೆಯ ಇನ್ನೊಂದು ತುದಿಯಲ್ಲಿ ಮ್ಯಾಂಚೆಸ್ಟರಿನ ಬಟ್ಟೆಯ ಪರವಾಗಿ ತುಂತುಣಿ ಮೀಟುವವರು ನಿಂತಿರಲಿಲ್ಲ. ಹಾಗಿದ್ದರೆ ಆ ಹಾಡಿಕೆ ಏಕಪಕ್ಷೀಯವಾಗಿತ್ತೆಂದು ಒಪ್ಪಬೇಕಾದೀತು. ನಾವು ಒಪ್ಪುವುದಿಲ್ಲ. ಎದುರು ಮೇಳ ಅಂದು ಕಟ್ಟೆಯ ಮೇಲಿರದೆ ಜನದ ಹಿಂಬದಿಯಲ್ಲಿ ಲಾಠಿ ಹಿಡಿದು ನಿಂತಿತ್ತು. ಅದರ ಜವಾಬು ಜಪ್ತಿಯ ಹುಕುಮಿನ ರೂಪದಲ್ಲಿಯೋ ಹಿಂಡಲಗಿಯ ಸೆರೆಮನೆಯ ರೂಪದಲ್ಲಿಯೋ ಬರುತ್ತಿತ್ತು, ಹಾಡುವವನು ಅದನ್ನು ಬಲ್ಲವನಾಗಿಯೇ ಹಾಡುತ್ತಿದ್ದನು. ಸಂಸ್ಥಾನದ ರಾಮದುರ್ಗದಲ್ಲಿ ಪ್ರಜೆಗಳಿಗೂ ದರಬಾರಿಗೂ ನಡುವಣ ಸವಾಲ್-ಜವಾಬು ಕಡಿದುಹೋದ ಮೇಲೆ 1939ರ ಏಪ್ರಿಲ್ 7ರಂದು ಸೆರೆಮನೆ ಒಡೆದು ಪೋಲೀಸರು ಹತರಾದದ್ದೂ, ಅನಂತರ ಆ ಊರು ನೇಣುಗಂಬದವರೆಗೆ ಬೆಲೆ ತೆತ್ತದ್ದೂ ಈ ಭಾಗದ ಹಿರಿಯರ ಬಾಯಲ್ಲಿ ಬಹುಕಾಲ ಉಳಿದಿದ್ದ ಮಾತು.

ನಿಜವಾದ ಅಗಲಿಕೆ ಆದದ್ದು ಸ್ವರಾಜ್ಯ ಬಂದ ತರುವಾಯ, ಅದೂ ಯಾವ ಗದ್ದಲವೂ ಇಲ್ಲದೆ. ವೀಳ್ಯ ಕೊಟ್ಟು ಎರಡು ಮೇಳಗಳನ್ನು ಗೊತ್ತುಮಾಡುತ್ತಿದ್ದವರು ಊರ ಪಂಚರು, ಜಾತ್ರೆಯ ಕಮಿಟಿಯವರು. ಅವರಿಗೆ ಬೇಕಾಗಿದ್ದುದು ಜಿದ್ದು, ಇರುಳು ಪೂರ್ತಿ ಜಿದ್ದು. ಅವರ ಜಾಗಕ್ಕೆ ಕ್ರಮೇಣ ಇಲಾಖೆಯೂ ಉತ್ಸವ ಸಮಿತಿಯೂ ಬಂದವು. ಇವರು ಕರೆಯುವುದು ಒಂದು ಮೇಳವನ್ನು. ಕೊಡುವ ಸಮಯ ಗಣ್ಯರ ಭಾಷಣದಿಂದ ಉಳಿದದ್ದು. ಹಾಡಬೇಕಾದ ವಿಷಯ ಮೊದಲೇ ಬರೆದುಕೊಟ್ಟದ್ದು: ಕುಟುಂಬ ಯೋಜನೆ, ಸಾಕ್ಷರತೆ, ಶೌಚಾಲಯ, ಆಯಾ ಕಾಲದ ಸರಕಾರದ ಆಯಾ ಯೋಜನೆ. ಇವುಗಳಲ್ಲಿ ಅನೇಕವು ಒಳ್ಳೆಯವೇ, ಹಾಡಿಕೆಯವನಿಗೆ ನಾಲ್ಕು ಕಾಸು ಕೊಟ್ಟವೂ ಹೌದು. ಹೊಟ್ಟೆಗಾಗಿ ಹಾಡಿದವನನ್ನು ಆಡಿಕೊಳ್ಳುವಷ್ಟು ದೊಡ್ಡತನ ನಮ್ಮಲ್ಲಿಲ್ಲ. ಆದರೂ ತೆರಿಗೆಯ ಮೇಲೆ ಲಾವಣಿ ಕಟ್ಟಿದ ಪರಂಪರೆ, ಆ ತೆರಿಗೆಯ ಹಣದಿಂದ ನಡೆಯುವ ಯೋಜನೆಯನ್ನು ಹೊಗಳುವ ಪರಂಪರೆಯಾಗಿ ಮಾರ್ಪಟ್ಟಿತಲ್ಲ, "ಶೌಚಾಲಯವೇನೋ ಕಟ್ಟಿಸಿದಿರಿ, ನೀರು ಎಲ್ಲಿಂದ ತರೋಣ?" ಎಂದು ಕೇಳಬಹುದಾಗಿದ್ದ ನಾಗೇಶಿಗೆ ಆ ಕಾರ್ಯಕ್ರಮದ ಕರೆಯೋಲೆಯೇ ಹೋಗುವುದಿಲ್ಲವಲ್ಲ! ಮಲಪ್ರಭೆಯ ದಂಡೆಯ ಮೇಲೆಯೇ ಇರುವ ಊರುಗಳಲ್ಲಿ ಕೂಡ ಈ ಪ್ರಶ್ನೆ ಅಪ್ರಸ್ತುತವಾಗಿರಲಿಲ್ಲ. ಜೋಡಿಯಲ್ಲಿ ಒಬ್ಬರಿಗೆ ಕೆಲಸವಿದ್ದು ಇನ್ನೊಬ್ಬರಿಗೆ ಇಲ್ಲದಂತಾದರೆ ಸ್ನೇಹ ಎಷ್ಟು ದಿನ ನಿಂತೀತು? ಊರವರು ಮಾತ್ರ ಅಲ್ಲಿಯೂ ಒಬ್ಬ ಬಾಳ್ಯಾನನ್ನು ಹುಡುಕುತ್ತಾರೆ.

ಈ ರೋಗ ನಮ್ಮ ಸೀಮೆಯದಷ್ಟೇ ಅಲ್ಲ. ಅಮೆರಿಕದ ಫಾಕ್ಸ್ ವಾಹಿನಿ 1996ರಲ್ಲಿ ಆರಂಭವಾದಾಗ ಶಾನ್ ಹ್ಯಾನಿಟಿ ಎಂಬ ಸಂಪ್ರದಾಯವಾದಿಯನ್ನೂ ಅಲನ್ ಕೋಮ್ಸ್ ಎಂಬ ಉದಾರವಾದಿಯನ್ನೂ ಒಂದೇ ಮೇಜಿನ ಹಿಂದೆ ಕೂಡಿಸಿ ಇಬ್ಬರ ಹೆಸರಿನಲ್ಲಿಯೂ ಒಂದು ರಾಜಕೀಯ ಚರ್ಚೆಯನ್ನು ನಡೆಸಿತು. ಹರದೇಶಿ-ನಾಗೇಶಿಯ ಕಟ್ಟು ಇದೇ ತಾನೆ ಎಂದು ನಮ್ಮವರಿಗೆ ತೋಚಬಹುದು. ಆದರೆ ಕೋಮ್ಸ್ ಎದುರಾಳಿಯಾಗಿದ್ದುದು ಹೆಸರಿಗೆ ಮಾತ್ರ ಎಂದು ಅವನ ಪಕ್ಷದವರೇ ಆಡಿಕೊಂಡರು. ಆಲ್ ಫ್ರಾಂಕೆನ್ ಎಂಬ ವಿನೋದ ಬರಹಗಾರನು 2003ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹ್ಯಾನಿಟಿಯ ಹೆಸರಿನ ಪಕ್ಕಕ್ಕೆ ಕೋಮ್ಸ್‌ನ ಹೆಸರನ್ನು ಉದ್ದಕ್ಕೂ ಚಿಕ್ಕ ಅಕ್ಷರಗಳಲ್ಲಿ ಅಚ್ಚು ಹಾಕಿಸಿದನು. 2009ರ ಜನವರಿ 9ರಂದು ಕೋಮ್ಸ್ ಆ ಮೇಜಿನಿಂದ ಎದ್ದನು. ಮುಂದಿನ ವಾರದಿಂದ ಕಾರ್ಯಕ್ರಮ ಹ್ಯಾನಿಟಿಯೊಬ್ಬನ ಹೆಸರಿನಲ್ಲಿ ನಡೆಯಿತು. ಗೆಳೆತನ ಕೆಟ್ಟಿತೆಂದಾಗಲಿ ದ್ರೋಹವಾಯಿತೆಂದಾಗಲಿ ಹೇಳುವಂತಿರಲಿಲ್ಲ. ಕಾರ್ಯಕ್ರಮವು ಒಬ್ಬನೊಂದಿಗೇ ಸುಖವಾಗಿ ಮುಂದುವರಿಯಿತೆಂಬುದೇ ವಿಷಾದದ ಮಾತು. ನಮ್ಮ ಕಟ್ಟೆಯ ಮೇಲೆ ಅದು ಅಸಾಧ್ಯವಾಗಿತ್ತು. ಎದುರಿನ ಮೇಳದ ಬಂಡಿ ದಾರಿಯಲ್ಲಿ ಕೆಟ್ಟು ನಿಂತರೆ ಬಂದ ಮೇಳವು ಗಣಸ್ತುತಿ ಹಾಡಿ, ಭಕ್ತಿಪದ ಹಾಡಿ, ಕಾಯಬೇಕಾಗುತ್ತಿತ್ತು. ಜಿದ್ದಿನ ಪದವನ್ನು ಯಾರ ಮೇಲೆ ಹಾಡುವುದು?

ನಮ್ಮ ಕನ್ನಡದ ದೂರದರ್ಶನ ವಾಹಿನಿಗಳ ಸಂಜೆಯ ಚರ್ಚೆಗಳನ್ನು ಕುರಿತು ಹೆಚ್ಚೇನೂ ಹೇಳಬೇಕಾಗಿಲ್ಲ. ಅಲ್ಲಿ ಆರೆಂಟು ಮುಖಗಳು ಆರೆಂಟು ಚೌಕಟ್ಟುಗಳಲ್ಲಿ ಏಕಕಾಲದಲ್ಲಿ ಬಾಯಿ ತೆರೆಯುತ್ತವೆ. ಜೋಡಿಯೇ ಇಲ್ಲದಿರುವಲ್ಲಿ ಮುರಿಯುವುದೇನು ಬಂತು.

ಹಳೆಯದೆಲ್ಲ ಚಿನ್ನವೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಜಿದ್ದಿನ ಭರದಲ್ಲಿ ಕೇಳಬಾರದ ಬೈಗುಳವೂ ಹಾಡಾಗಿ ಬರುತ್ತಿತ್ತು. ಹೆಣ್ಣಿನ ಪಕ್ಷವನ್ನು ಎತ್ತಿ ಹಾಡುವ ಹೆಣ್ಣುಮಗಳಿಗೆ ಕಟ್ಟೆಯ ಕೆಳಗೆ ಊರು ಕೊಡುತ್ತಿದ್ದ ಮರ್ಯಾದೆ ಅಷ್ಟಕ್ಕಷ್ಟೇ. ನಾಗೇಶಿಯಾಗಿ ಬೆಳತನಕ ಶಕ್ತಿಯೇ ಹೆಚ್ಚೆಂದು ಸ್ಥಾಪಿಸಿದವಳು ಬೆಳಗಾದ ಮೇಲೆ ಪಂಚರ ಎದುರು ಕುಳಿತು ತನ್ನ ಪಾಲಿನ ಹಣಕ್ಕಾಗಿ ಹಿಮ್ಮೇಳದ ಗಂಡಸಿನ ಮೂಲಕವೇ ಮಾತಾಡಬೇಕಾಗುತ್ತಿದ್ದಿತೆಂಬುದನ್ನು ಮರೆಮಾಚಿ ಈ ಕಲೆಯನ್ನು ಸ್ತುತಿಸುವುದು ನ್ಯಾಯವಲ್ಲ. ಅಷ್ಟಿದ್ದರೂ ಇರುಳಿನಲ್ಲಿ ಅವಳು ಕೇಳಿದ್ದಕ್ಕೆ ಗಂಡಿನ ಪಕ್ಷ ಉತ್ತರ ಹೇಳಲೇಬೇಕಾಗಿತ್ತು, ಊರೆಲ್ಲ ಕೂತು ಅದನ್ನು ಕೇಳಿಸಿಕೊಳ್ಳುತ್ತಿತ್ತು. ಅಂಥ ನಿರ್ಬಂಧ ಈಗ ನಮ್ಮ ಯಾವ ಸಭೆಯಲ್ಲಿದೆಯೋ ಹುಡುಕಿ ನೋಡಬೇಕು.

ಹಲಸಂಗಿಯ ಗೆಳೆಯರು 1933ರಲ್ಲಿ 'ಜೀವನ ಸಂಗೀತ'ವೆಂಬ ಲಾವಣಿಗಳ ಸಂಕಲನವನ್ನು ಹೊರತಂದ ಮೇಲೆ ಈ ಜಾತಿಯ ಪದಗಳ ಸಂಗ್ರಹ ಸಾಕಷ್ಟು ನಡೆದಿದೆ, ವಿಶ್ವವಿದ್ಯಾಲಯಗಳೂ ದುಡಿದಿವೆ. ಆದರೆ ಅಚ್ಚಾಗುವಾಗ ಪದಗಳು ಬಹುಮಟ್ಟಿಗೆ ಒಂಟಿಯಾಗಿ ಅಚ್ಚಾಗುತ್ತವೆ. ಸವಾಲು ಒಂದು ಪುಸ್ತಕದಲ್ಲಿದ್ದರೆ ಅದರ ಜವಾಬು ಇನ್ನಾವುದರಲ್ಲೋ ಇರುತ್ತದೆ, ಅಥವಾ ಎಲ್ಲಿಯೂ ಇರುವುದಿಲ್ಲ. ಸಂಪಾದಕರಾದ ನಾವು ಕೂಡ ಹೀಗೆ ಜೋಡಿಗಳನ್ನು ಅಗಲಿಸುವ ಕೆಲಸವನ್ನೇ ಮಾಡುತ್ತ ಬಂದಂತಾಯಿತು. ಆದ್ದರಿಂದ ಮುಂದಿನ ಸಂಚಿಕೆಗಳಿಗೆ ಹಾಡಿಕೆಯ ಪದಗಳನ್ನು ಕಳುಹಿಸುವ ಮಹನೀಯರಲ್ಲಿ ನಮ್ಮದೊಂದು ವಿನಂತಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಹಳೆಯ ಹಾಡಿಕೆಯವರ ಮನೆಗಳಲ್ಲಿ, ಅಟ್ಟದ ಮೇಲಿನ ಗಂಟುಗಳಲ್ಲಿ, ಪದ ಬರೆದಿಟ್ಟ ವಹಿಗಳು ಇನ್ನೂ ಇವೆ. ಅವುಗಳನ್ನು ನಕಲು ಮಾಡುವಾಗ, ಇದಕ್ಕೆ ಎದುರು ಹಾಡುತ್ತಿದ್ದವರು ಯಾವ ಊರಿನವರು, ಅವರ ವಹಿ ಈಗ ಯಾರ ಮನೆಯಲ್ಲಿದೆ ಎಂಬುದನ್ನೂ ವಿಚಾರಿಸಿ, ಎರಡನ್ನೂ ಕೂಡಿಸಿ ಕಳುಹಿಸಬೇಕು. ಒಂದೇ ಸಿಕ್ಕಿದರೆ ಅದನ್ನೂ ಕಳುಹಿಸಬಹುದು; ಜೊತೆಯದು ದೊರೆಯುವವರೆಗೆ ಅದು ನಮ್ಮ ಕಪಾಟಿನಲ್ಲಿ ಇರುತ್ತದೆ, ಅಚ್ಚಿಗೆ ಹೋಗುವುದಿಲ್ಲ.