ಕೇಳಿ ಓದುವವರಿಗೆ ಕಡತವೇ ಅಡ್ಡಿ

ಅಂಧ ಓದುಗರಿಗಾಗಿ ಹಕ್ಕುಸ್ವಾಮ್ಯದ ಬಿಗಿ ಸಡಿಲಿಸುವ ಮರ್ರಾಕೇಶ್ ಒಪ್ಪಂದವನ್ನು ಜಗತ್ತಿನಲ್ಲೇ ಮೊದಲು ಅನುಮೋದಿಸಿದ್ದು ಭಾರತ, 2014ರ ಜೂನ್‌ನಲ್ಲಿ. ಅದಕ್ಕೂ ಮೊದಲೇ, 2012ರಲ್ಲಿ, ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ಗೆ ತಿದ್ದುಪಡಿಯಾಗಿತ್ತು. ಲಾಭದ ಉದ್ದೇಶವಿಲ್ಲದೆ, ಅಂಗವಿಕಲರ ಬಳಕೆಗೆಂದು ಪುಸ್ತಕವನ್ನು ಧ್ವನಿಗೋ ಬ್ರೈಲ್‌ಗೋ ಪರಿವರ್ತಿಸುವವರು ಲೇಖಕರ ಅನುಮತಿಗೆ ಕಾಯಬೇಕಿಲ್ಲ. ಹಾಗಿದ್ದೂ ಹೊಸ ಕನ್ನಡ ಕಾದಂಬರಿಯೊಂದು ಬಿಡುಗಡೆಯಾದ ವಾರದಲ್ಲೇ ಅದನ್ನು ಕೇಳಿ ಓದುವ ಭಾಗ್ಯ ಕಣ್ಣು ಕಾಣದವರಿಗೆ ಸಿಗುವುದು ತೀರಾ ಅಪರೂಪ.

ಹಾಗೆಂದು ಕೆಲಸ ನಡೆದೇ ಇಲ್ಲ ಎನ್ನಲಾಗದು. ಬೆಂಗಳೂರಿನ ಮಿತ್ರ ಜ್ಯೋತಿ ಸಂಸ್ಥೆ ಧ್ವನಿ ಪುಸ್ತಕಗಳ ಗ್ರಂಥಾಲಯವನ್ನೇ ಕಟ್ಟಿದೆ. 2016ರ ಆಗಸ್ಟ್‌ನಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯದಲ್ಲಿ ಹಲವು ಭಾರತೀಯ ಭಾಷೆಗಳ ಪುಸ್ತಕಗಳು ಆನ್‌ಲೈನ್‌ನಲ್ಲೇ ಸಿಗುತ್ತವೆ. ಅಂಧರು ಮಾತ್ರವಲ್ಲ, ಡಿಸ್ಲೆಕ್ಸಿಯಾ ಇರುವವರು, ಪುಸ್ತಕ ಹಿಡಿದು ಪುಟ ತಿರುವಲಾಗದವರು ಕೂಡ ಇಂಥ ಸೌಲಭ್ಯಕ್ಕೆ ಅರ್ಹರು. ಆದರೆ ಇವೆಲ್ಲದರ ಬೆನ್ನೆಲುಬು ಸ್ವಯಂಸೇವಕರ ಗಂಟಲು. ಮುನ್ನೂರು ಪುಟದ ಪುಸ್ತಕವನ್ನು ಓದಿ ಮುಗಿಸಲು ಹತ್ತು-ಹನ್ನೆರಡು ಗಂಟೆ ಬೇಕು. ತಪ್ಪು ತಿದ್ದಿ, ಅಧ್ಯಾಯ ವಿಂಗಡಿಸಲು ಇನ್ನಷ್ಟು. ಕುಮಾರವ್ಯಾಸನನ್ನು ಗಮಕಿಗಳ ಬಾಯಲ್ಲಿ ಕೇಳಿಯೇ ಬಲ್ಲ ನಾಡು ನಮ್ಮದು. ಕಾದಂಬರಿಗೆ ಮನುಷ್ಯದನಿಯೇ ಚೆನ್ನ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕೆಎಎಸ್ ಪರೀಕ್ಷೆಗೆ ಕೂತವರಿಗೆ ಬೇಕಿರುವುದು 142ನೇ ಪುಟದ ಒಂದು ಪ್ಯಾರಾ. ಒಂದೇ ಉದ್ದನೆಯ ಎಂಪಿ3 ಕಡತದಲ್ಲಿ ಅದನ್ನು ಹುಡುಕುವುದು ಶಿಕ್ಷೆ. ಡೈಸಿ, ಇಪಬ್ ಮಾದರಿಗಳಲ್ಲಾದರೆ ಅಧ್ಯಾಯಕ್ಕೆ, ಪುಟಕ್ಕೆ ನೇರ ಹಾರಬಹುದು.

ಪುಸ್ತಕದ ಪಠ್ಯವೇ ಸಿಕ್ಕರೆ ಎನ್‌ವಿಡಿಎಯಂಥ ಉಚಿತ ತೆರೆವಾಚಕ ತಂತ್ರಾಂಶ ಅದನ್ನು ಕನ್ನಡದಲ್ಲೇ ಓದಿ ಹೇಳುತ್ತದೆ. ಕಗ್ಗಂಟಿರುವುದು ಇಲ್ಲಿ. ನಮ್ಮ ಎಷ್ಟೋ ಪ್ರಕಾಶಕರ ಡಿಟಿಪಿ ಇವತ್ತಿಗೂ ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲೇ ನಡೆಯುತ್ತಿದೆ. ಪರದೆಯ ಮೇಲೆ ಮುದ್ದಾದ ಕನ್ನಡ. ಕಡತದೊಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ತಂತ್ರಾಂಶ ಓದುವುದು ಆ ಕಲಸುಮೇಲೋಗರವನ್ನೇ. ಪರಿವರ್ತಕಗಳಿವೆ ನಿಜ, ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಅವು ಎಡವುತ್ತವೆ. ಹೀಗಾಗಿ ಕಂಪ್ಯೂಟರ್‌ನಲ್ಲೇ ಹುಟ್ಟಿದ ಪುಸ್ತಕವನ್ನು ಅಚ್ಚು ಹಾಕಿ, ಆ ಅಚ್ಚನ್ನು ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ಗುರುತಿಸುವ ಒಸಿಆರ್‌ಗೆ ಕೊಟ್ಟು, ಸಾಲು ಸಾಲು ತಿದ್ದಿ ಮತ್ತೆ ಕಂಪ್ಯೂಟರ್‌ಗೆ ತರುವ ವಿಚಿತ್ರ ದುಡಿಮೆ ನಡೆದಿದೆ. ಕಾನೂನು ಪರಿವರ್ತನೆಗೆ ಅವಕಾಶ ಕೊಟ್ಟಿದೆ. ಮೂಲ ಕಡತವನ್ನು ಕೊಡಿ ಎಂದು ಪ್ರಕಾಶಕರಿಗೆ ಹೇಳಿಲ್ಲ.

ಕಡತ ಕೊಟ್ಟರೆ ಕಳ್ಳಪ್ರತಿ ಹರಡುತ್ತದೆ ಎಂಬ ಅಳುಕು ಪ್ರಕಾಶಕರಿಗಿದೆ. ವಾಟ್ಸ್‌ಆ್ಯಪ್, ಟೆಲಿಗ್ರಾಂಗಳಲ್ಲಿ ಓಡಾಡುವ ಕನ್ನಡ ಪಿಡಿಎಫ್‌ಗಳನ್ನು ಒಮ್ಮೆ ನೋಡಲಿ: ಬಹುತೇಕ ಅಚ್ಚಾದ ಪುಟಗಳ ಸ್ಕ್ಯಾನ್ ಚಿತ್ರಗಳು. ತೆರೆವಾಚಕ ಬಳಸುವವರಿಗೆ ಅವುಗಳಿಂದ ಚಿಕ್ಕಾಸಿನ ಪ್ರಯೋಜನವೂ ಇಲ್ಲ! ಸುಗಮ್ಯದಂಥ ಗ್ರಂಥಾಲಯ ಅಂಗವೈಕಲ್ಯ ದೃಢಪಡಿಸಿಕೊಂಡು ಸದಸ್ಯರಿಗೆ ಮಾತ್ರ ಪುಸ್ತಕ ಕೊಡುತ್ತದೆ.

ಇದನ್ನು ಸರಿಪಡಿಸಲು ಹೊಸ ಕಾಯ್ದೆ, ಹೊಸ ನಿಗಮ ಯಾವುದೂ ಬೇಡ. ಕನ್ನಡ ಪುಸ್ತಕಗಳ ಅತಿ ದೊಡ್ಡ ಗಿರಾಕಿಗಳಲ್ಲಿ ರಾಜ್ಯದ ಗ್ರಂಥಾಲಯ ಇಲಾಖೆಯೂ ಒಂದು. ಅದರ ಸಗಟು ಖರೀದಿಯನ್ನು ನೆಚ್ಚಿಯೇ ಅನೇಕ ಪ್ರಕಾಶನಗಳು ಉಸಿರಾಡುತ್ತಿವೆ. ಆ ದುಡ್ಡಿನಲ್ಲಿ ಅಂಧರ ತೆರಿಗೆಯೂ ಇದೆ. ಆಯ್ಕೆಯಾದ ಪ್ರತಿ ಪುಸ್ತಕದ ಯೂನಿಕೋಡ್ ಕಡತವನ್ನು ಪ್ರಕಾಶಕರು ಇಲಾಖೆಗೆ ಒಪ್ಪಿಸಬೇಕು, ಇಲಾಖೆ ಅದನ್ನು ಅರ್ಹ ಸಂಸ್ಥೆಗಳಿಗೆ ತಲುಪಿಸಬೇಕು. ಸಣ್ಣ ಪ್ರಕಾಶಕರಿಗೆ ಪರಿವರ್ತನೆಯ ಖರ್ಚು ಹೊರೆಯಾದರೆ ಪ್ರತಿಗಳ ದರದ ಜೊತೆಗೆ ಅದನ್ನೂ ಕೊಡಲಿ. ಮುಂದಿನ ಸಗಟು ಖರೀದಿಯ ಅಧಿಸೂಚನೆಯಲ್ಲೇ ಈ ಷರತ್ತನ್ನು ಇಲಾಖೆ ಸೇರಿಸಲಿ.